ಒಂದು ಸಂಬಳ, ಇಬ್ಬರು ಉಪಾಧ್ಯಾಯರು



ನಮ್ಮ ಶಿಕ್ಷಣ ಇಲಾಖೆಯ ವರ್ಗಾವಣೆ ಕಡತಗಳಲ್ಲಿ ‘ಪತಿ-ಪತ್ನಿ ಪ್ರಕರಣ’ ಎಂಬ ಮಾತೊಂದು ಇದೆ. ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿದ್ದರೆ ಅವರನ್ನು ಆದಷ್ಟೂ ಹತ್ತಿರದಲ್ಲಿ ಇರಿಸಬೇಕೆಂಬ ಉದ್ದೇಶದಿಂದ ಮಾಡಿದ ವರ್ಗ ಅದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆ ಇಂಥ ಜೋಡಿಗಳು ಹೊಸತಲ್ಲ. ಮೇಷ್ಟ್ರು ಒಂದೂರಿನ ಶಾಲೆಗೆ, ಮೇಡಂ ಪಕ್ಕದೂರಿನ ಶಾಲೆಗೆ ಹೋಗುತ್ತಾರೆ. ಇಬ್ಬರಿಗೂ ಬೇರೆ ಬೇರೆ ನೇಮಕದ ಆದೇಶ, ಬೇರೆ ಬೇರೆ ಸಂಬಳ, ಬೇರೆ ಬೇರೆ ಸೇವಾಪುಸ್ತಕ. ಇದು ಈಗ ಎಷ್ಟು ಸಹಜವಾಗಿದೆಯೆಂದರೆ, ಇದಕ್ಕೂ ಒಂದು ಚರಿತ್ರೆ ಇದೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ.

ಗಂಡ ಹೆಂಡತಿ ಇಬ್ಬರೂ ಪಾಠ ಹೇಳುವುದು ಕನ್ನಡ ನಾಡಿನಲ್ಲಿ ಮೊದಲು ಎದ್ದು ಕಂಡದ್ದು ಹತ್ತೊಂಬತ್ತನೆಯ ಶತಮಾನದ ಮಿಷನ್ ಶಾಲೆಗಳಲ್ಲಿ. ಸ್ವಂತ ನಾಡನ್ನು ಬಿಟ್ಟು, ಸಮುದ್ರ ದಾಟಿ, ಗುರುತಿಲ್ಲದ ಭಾಷೆಯನ್ನು ಕಲಿತು, ಅದೇ ಭಾಷೆಯಲ್ಲಿ ಇಲ್ಲಿನ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟ ದಂಪತಿಗಳು ಅನೇಕರು. ಅವರಲ್ಲಿ ಒಂದು ಜೋಡಿಯನ್ನು ಇಲ್ಲಿ ಮುಖ್ಯವಾಗಿ ಆರಿಸಿಕೊಳ್ಳಲಾಗಿದೆ. ಅವರು ಬೆಂಗಳೂರಿನ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಮತ್ತು ಜೇನ್ ರೈಸ್. ಇವರನ್ನೇ ಆರಿಸಲು ಕಾರಣವಿದೆ. ಇವರು ಪಾಠ ಹೇಳಿದ್ದು ಬೆಂಗಳೂರಿನಲ್ಲಾದರೂ, ಇವರ ಮನೆಯಿಂದ ಹೊರಟ ಒಂದು ಕವಲು ಈ ನಾಲ್ಕು ಸೀಮೆಗಳ ಶಾಲೆಗಳವರೆಗೆ, ಹೊಲದ ಬದುಗಳಲ್ಲಿ ನಿಂತ ಕಲ್ಲುಗಳವರೆಗೆ ಬಂದಿದೆ.

ಮೊದಲು ಸ್ವಲ್ಪ ಹಿನ್ನೆಲೆ. ಲಂಡನ್ ಮಿಷನರಿ ಸೊಸೈಟಿಯವರು ಕನ್ನಡ ಸೀಮೆಯಲ್ಲಿ ಮೊದಲು ನೆಲೆಯೂರಿದ್ದು ಬಳ್ಳಾರಿಯಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಅದೇ ಬಳ್ಳಾರಿಯ ವಿಲಿಯಂ ರೀವ್ ಕನ್ನಡಕ್ಕೂ ಇಂಗ್ಲಿಷಿಗೂ ನಿಘಂಟುಗಳನ್ನು ಸಿದ್ಧಪಡಿಸಿದರು. 1820ರಲ್ಲಿ ಇದೇ ಸೊಸೈಟಿ ಬೆಂಗಳೂರಿನಲ್ಲಿ ನೆಲೆ ಮಾಡಿತು. ವೆಸ್ಲಿಯನ್ ಮಿಷನ್ನಿನವರು ಬೆಂಗಳೂರು, ಗುಬ್ಬಿ, ಮೈಸೂರುಗಳಲ್ಲಿ ಕೆಲಸ ವಿಸ್ತರಿಸಿದರು. ಪಶ್ಚಿಮದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಮೂರು ಸಂಸ್ಥೆಗಳೂ ಹೋದಲ್ಲೆಲ್ಲ ಪ್ರಾರ್ಥನಾ ಮಂದಿರದ ಜೊತೆಗೆ ಶಾಲೆಯನ್ನೂ ತೆರೆದವು. ಬೈಬಲನ್ನು ಓದಲು ಬಾರದವನಿಗೆ ಬೈಬಲ್ ಕೊಟ್ಟು ಏನು ಪ್ರಯೋಜನ ಎಂಬುದು ಅವರ ಲೆಕ್ಕಾಚಾರ.

ಈ ಸಂಸ್ಥೆಗಳು ಮದುವೆಯಾದವರನ್ನು ಕಳುಹಿಸುತ್ತಿದ್ದುದರ ಹಿಂದೆ ಹಲವು ಕಾರಣಗಳಿದ್ದವು. ಒಂಟಿ ಗಂಡಸು ದೂರದ ನಾಡಿನಲ್ಲಿ ದಾರಿ ತಪ್ಪಬಹುದೆಂಬ ಆತಂಕ ಒಂದು. ಕ್ರೈಸ್ತ ಕುಟುಂಬ ಹೇಗಿರುತ್ತದೆ ಎಂಬುದನ್ನು ಜನ ಕಣ್ಣಾರೆ ಕಾಣಲಿ ಎಂಬುದು ಇನ್ನೊಂದು. ಮೂರನೆಯದು ಕೆಲಸಕ್ಕೆ ಸಂಬಂಧಿಸಿದ್ದು. ಇಲ್ಲಿನ ಮನೆಗಳ ಒಳಗೆ ಪಾದ್ರಿಗೆ ಪ್ರವೇಶವಿರಲಿಲ್ಲ. ಹೆಂಗಸರನ್ನೂ ಹೆಣ್ಣುಮಕ್ಕಳನ್ನೂ ಮಾತಾಡಿಸಬೇಕಾದರೆ ಹೆಂಗಸೇ ಬೇಕಿತ್ತು. ಆ ಕೆಲಸ ಪಾದ್ರಿಯ ಹೆಂಡತಿಯ ಪಾಲಿಗೆ ಬಂತು. ಆದರೆ ನೇಮಕವಾಗುತ್ತಿದ್ದುದು ಗಂಡ ಮಾತ್ರ. ಸಂಸಾರಸ್ಥನೆಂದು ಅವನಿಗೆ ಭತ್ಯೆ ತುಸು ಹೆಚ್ಚು ಬರುತ್ತಿತ್ತು; ಹೆಂಡತಿಯ ಹೆಸರಿನಲ್ಲಿ ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ. ಅವಿವಾಹಿತ ಹೆಂಗಸರನ್ನು ಉಪಾಧ್ಯಾಯಿನಿಯರೆಂದು ಹೆಸರಿಟ್ಟು ಕಳುಹಿಸುವ ವ್ಯವಸ್ಥೆ ಗಟ್ಟಿಯಾದದ್ದು ಶತಮಾನದ ಉತ್ತರಾರ್ಧದಲ್ಲಿ. ಅಲ್ಲಿಯವರೆಗೆ ಒಂದು ಸಂಬಳಕ್ಕೆ ಇಬ್ಬರು ಕೆಲಸಗಾರರು ಸಿಕ್ಕಿದಂತಾಗಿತ್ತು.

ಬಾಸೆಲ್ ಮಿಷನ್ನಿನ ಪದ್ಧತಿ ಇನ್ನೂ ವಿಚಿತ್ರ. ಅಲ್ಲಿ ಹೊಸ ಮಿಷನರಿ ಮೊದಲು ಒಂಟಿಯಾಗಿ ಬಂದು, ಕೆಲಸದಲ್ಲಿ ನಿಂತು, ಆಮೇಲೆ ಮದುವೆಗೆ ಆಡಳಿತ ಸಮಿತಿಯ ಅನುಮತಿ ಕೇಳಬೇಕಿತ್ತು. ಎಷ್ಟೋ ಸಲ ವಧುವನ್ನು ಗೊತ್ತುಮಾಡುವುದರಲ್ಲೂ ಸಮಿತಿಯ ಕೈಯಿರುತ್ತಿತ್ತು. ವರನನ್ನು ಒಮ್ಮೆಯೂ ನೋಡದ ಜರ್ಮನ್ ಅಥವಾ ಸ್ವಿಸ್ ಹುಡುಗಿ ಹಡಗು ಹತ್ತಿ ಬಂದು, ಇಳಿದ ಬಂದರಿನಲ್ಲಿ ಅವನನ್ನು ಕಂಡು ಮದುವೆಯಾದ ಪ್ರಸಂಗಗಳಿವೆ. ಹಿರಿಯರು ಗೊತ್ತುಮಾಡಿದ ಮದುವೆ ನಮ್ಮಲ್ಲಿ ಮಾತ್ರ ಇತ್ತು ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಬೆಂಜಮಿನ್ ರೈಸ್ ಹುಟ್ಟಿದ್ದು 1814ರಲ್ಲಿ. ಹೆಂಡತಿ ಜೇನ್, ತವರಿನ ಹೆಸರು ಜೇನ್ ಪೀಚ್ ಸಿಂಗರ್. ಮದುವೆಯಾದ ಹೊಸತರಲ್ಲೇ ಇಬ್ಬರೂ ಇಂಡಿಯಾಕ್ಕೆ ಹೊರಟರು. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಆಫ್ರಿಕಾ ಖಂಡವನ್ನು ಪೂರ್ತಿ ಸುತ್ತಿ ಬರುವ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ. ಮದರಾಸಿನಿಂದ ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಅದಕ್ಕೆ ಮುಂಚೆ ಪಲ್ಲಕ್ಕಿ, ಎತ್ತಿನ ಗಾಡಿ, ಕುದುರೆಗಳೇ ಗತಿ. ಅವರು ಬೆಂಗಳೂರು ಸೇರಿದ ವರ್ಷ 1837. ಅದೇ ವರ್ಷದ ಜುಲೈ 17ರಂದು ಅವರಿಗೆ ಒಬ್ಬ ಮಗ ಹುಟ್ಟಿದ. ಅಂದರೆ ಜೇನ್ ಹೊಸ ನಾಡು, ಹೊಸ ಹವೆ, ಹೊಸ ಭಾಷೆಗಳ ನಡುವೆ ತುಂಬಿದ ಬಸುರಿಯಾಗಿದ್ದರು. ಆ ಮಗುವಿಗೆ ಇಟ್ಟ ಹೆಸರು ಬೆಂಜಮಿನ್ ಲೂಯಿಸ್ ರೈಸ್. ಕನ್ನಡಿಗರು ಅವನನ್ನು ಮುಂದೆ ಬಿ. ಎಲ್. ರೈಸ್ ಎಂದು ಕರೆದರು. ಅವನ ಮಾತು ಮುಂದೆ ಬರುತ್ತದೆ.

ದೊಡ್ಡ ರೈಸರು ಕನ್ನಡವನ್ನು ಚೆನ್ನಾಗಿ ಕಲಿತರು. ಕನ್ನಡದಲ್ಲಿ ಉಪದೇಶ ಮಾಡಿದರು, ಬೈಬಲಿನ ಕನ್ನಡ ಅನುವಾದವನ್ನು ತಿದ್ದುವ ಕೆಲಸದಲ್ಲಿ ಸೇರಿಕೊಂಡರು, ಶಾಲೆಯ ಮಕ್ಕಳಿಗಾಗಿ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಬರೆದರು. ಆ ಪುಸ್ತಕಗಳ ಮಹತ್ವ ತಿಳಿಯಬೇಕಾದರೆ ಅಂದಿನ ಕೂಲಿಮಠವನ್ನು ನೆನೆಯಬೇಕು. ಊರ ಗುಡಿಯ ಜಗುಲಿಯ ಮೇಲೋ ಯಾರದೋ ಪಡಸಾಲೆಯಲ್ಲೋ ಅಯ್ಯನೋರು ಕೂತು ಹುಡುಗರಿಗೆ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡಿಸುತ್ತಿದ್ದರು. ಮಗ್ಗಿ, ಲೆಕ್ಕ, ಓಲೆ ಕಾಗದ ಓದುವುದು, ಅಮರಕೋಶ, ಜೈಮಿನಿ ಭಾರತ, ಎಲ್ಲವೂ ಬಾಯಿಪಾಠ. ಅದು ತನ್ನ ಮಟ್ಟಿಗೆ ಗಟ್ಟಿಯಾದ ಕಲಿಕೆಯೇ. ಶ್ಯಾನುಭೋಗರೂ ಶೆಟ್ಟರೂ ತಯಾರಾದದ್ದು ಅಲ್ಲಿಯೇ. ಆದರೆ ತರಗತಿಗೊಂದು ಅಚ್ಚಿನ ಪುಸ್ತಕ, ಭೂಪಟ, ಗಂಟೆಗೊಂದು ವಿಷಯ ಎಂಬ ಪದ್ಧತಿ ಅಲ್ಲಿರಲಿಲ್ಲ. ಇನ್ನೊಂದು ದೊಡ್ಡ ಕೊರತೆ ಯಾರ ಕಣ್ಣಿಗೂ ಕೊರತೆಯಾಗಿ ಕಾಣುತ್ತಿರಲಿಲ್ಲ. ಅಲ್ಲಿ ಹೆಣ್ಣುಮಕ್ಕಳು ಇರಲಿಲ್ಲ.

ಜೇನ್ ರೈಸ್ ಕೈಹಾಕಿದ್ದು ಇಲ್ಲಿಗೆ. ಅದೇ ಮಿಷನ್ನಿನ ಪಾದ್ರಿ ಜೇಮ್ಸ್ ಸೀವೆಲ್ ಅವರ ಹೆಂಡತಿಯ ಜೊತೆಗೂಡಿ 1840ರ ದಶಕದ ಮೊದಲಲ್ಲಿ ಅವರು ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಸಾಮಾನ್ಯವಾಗಿ ಹೇಳುವ ವರ್ಷ 1842. ಹಳೆಯ ಮೈಸೂರು ಸಂಸ್ಥಾನದಲ್ಲಿ ಹೆಣ್ಣುಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳಿದ ಮೊದಲ ಶಾಲೆ ಎಂದು ಅದಕ್ಕೆ ಹೆಸರು. ಲಂಡನ್ ಮಿಷನ್ ಕೆನರೀಸ್ ಬಾಲಿಕಾ ಶಾಲೆ ಎಂದು ಬೆಳೆದ ಅದು ಬೆಂಗಳೂರಿನ ಮಿಷನ್ ರಸ್ತೆಯಲ್ಲಿ ಮಿತ್ರಾಲಯ ಎಂಬ ಹೆಸರಿನಲ್ಲಿ ನಿಂತಿತು. ‘ಕನ್ನಡದಲ್ಲಿ’ ಎಂಬ ಮಾತು ಇಲ್ಲಿ ಮುಖ್ಯ. ಪಾಠ ಹೇಳುವವರ ಮಾತೃಭಾಷೆ ಇಂಗ್ಲಿಷು. ಮಕ್ಕಳಿಗೆ ಇಂಗ್ಲಿಷು ಕಲಿಸಿ ಕೈತೊಳೆದುಕೊಳ್ಳುವುದು ಅವರಿಗೆ ಸುಲಭವಾಗಿತ್ತು. ಅವರು ತಾವು ಕನ್ನಡ ಕಲಿಯುವ ಕಷ್ಟದ ದಾರಿ ಹಿಡಿದರು.

ಆ ದಿನಗಳಲ್ಲಿ ಹೆಣ್ಣುಮಗುವನ್ನು ಶಾಲೆಗೆ ಕರೆತರುವುದು ಹೇಳಿದಷ್ಟು ಸುಲಭವಲ್ಲ. ಓದು ಕಲಿತವಳು ಬೇಗ ವಿಧವೆಯಾಗುತ್ತಾಳೆ ಎಂಬ ನಂಬಿಕೆ ಇತ್ತು. ಓದು ಬರಹ, ಹಾಡು ಬಲ್ಲ ಹೆಂಗಸು ಎಂದರೆ ದೇವದಾಸಿ ಎಂದು ಜನ ಎಣಿಸುತ್ತಿದ್ದುದರಿಂದ ಮರ್ಯಾದಸ್ಥ ಮನೆಯವರು ಹಿಂಜರಿಯುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ತೊಡಕು ಬಾಲ್ಯವಿವಾಹ. ಒಂದು ಹುಡುಗಿ ಕಾಗುಣಿತ ಮುಗಿಸಿ ಸರಾಗವಾಗಿ ಓದುವ ಹೊತ್ತಿಗೆ ಮದುವೆಯಾಗಿ ಅತ್ತೆಮನೆಗೆ ಹೊರಡುತ್ತಿದ್ದಳು. ಉಪಾಧ್ಯಾಯಿನಿ ಮತ್ತೆ ಹೊಸ ಮಗುವಿನೊಂದಿಗೆ ‘ಅ’ದಿಂದ ಆರಂಭಿಸಬೇಕು. ಓದಿನ ಜೊತೆ ಹೊಲಿಗೆ, ಕಸೂತಿಗಳನ್ನು ಸೇರಿಸಿದ್ದರಿಂದ ಕೆಲವು ತಾಯಂದಿರು ಒಪ್ಪಿದರು. ಇಂಥ ಶಾಲೆಯಲ್ಲಿ ಫಲ ಕಣ್ಣಿಗೆ ಕಾಣಲು ಒಂದು ತಲೆಮಾರು ಬೇಕು. ಓದು ಕಲಿತ ಹುಡುಗಿ ತಾಯಿಯಾಗಿ ತನ್ನ ಮಗಳನ್ನು ಶಾಲೆಗೆ ಕಳುಹಿಸಿದಾಗ ಮಾತ್ರ ಆ ಪಾಠ ಫಲಿಸಿತೆಂದು ಅರ್ಥ.

ಇಲ್ಲಿ ಒಂದು ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಈ ದಂಪತಿಗಳು ಬಂದದ್ದು ಮತಾಂತರಕ್ಕಾಗಿ. ಅದನ್ನು ಅವರು ಮುಚ್ಚಿಟ್ಟವರಲ್ಲ. ಶಾಲೆ ಅವರಿಗೆ ಒಂದು ಸಾಧನ. ನಮ್ಮ ದೇವರುಗಳ ಬಗ್ಗೆ, ಹಬ್ಬಹರಿದಿನಗಳ ಬಗ್ಗೆ ಅಂದಿನ ಮಿಷನರಿಗಳು ಊರಿಗೆ ಬರೆದ ವರದಿಗಳಲ್ಲಿ ತಾತ್ಸಾರದ ಮಾತುಗಳು ಧಾರಾಳವಾಗಿವೆ. ಮಗು ಅಕ್ಷರ ಕಲಿಯಲು ಹೋಗಿ ಮನೆಯ ದೇವರನ್ನು ಮರೆತರೇನು ಗತಿ ಎಂದು ತಂದೆತಾಯಿಗಳು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. 1844ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಶಾಲೆಯ ವಿದ್ಯಾರ್ಥಿ, ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಇಡೀ ಊರು ಕಲಕಿಹೋಯಿತು. ಒಂದು ಮನೆ ಮಗನನ್ನು ಕಳೆದುಕೊಂಡಿತು. ಅವರು ಮನೆಯಲ್ಲಿ ಬಿಟ್ಟುಬಂದ ಎಳೆಯ ಹೆಂಡತಿಯ ಸಂಕಟವನ್ನು ಯಾವ ವರದಿಯೂ ಪೂರ್ತಿ ಹೇಳಲಾರದು.

ಕೌಂಡಿನ್ಯರ ಕಥೆ ಅಲ್ಲಿಗೆ ಮುಗಿಯದೆ ನಮ್ಮ ವಿಷಯವನ್ನೇ ತಿರುವುಮುರುವು ಮಾಡಿ ತೋರಿಸುತ್ತದೆ. ಅವರು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಮಂಗಳೂರಿಗೆ ಮರಳಿ ಮಿಷನ್ನಿನ ಸೆಮಿನರಿಯಲ್ಲಿ ಉಪಾಧ್ಯಾಯರಾದರು. ಮೊದಲ ಹೆಂಡತಿ ತೀರಿಕೊಂಡ ಮೇಲೆ 1860ರಲ್ಲಿ ಜರ್ಮನಿಯ ಮೇರಿ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಕನ್ನಡ ನಾಡಿನ ಗಂಡ, ಯುರೋಪಿನ ಹೆಂಡತಿ. ಕಂಪನಿ ಸರ್ಕಾರ ಹೋಗಿ ರಾಣಿಯ ಆಡಳಿತ ಬಂದ ಹೊಸತರಲ್ಲಿ ಇಂಥ ಮದುವೆಯನ್ನು ಊಹಿಸುವುದೂ ಕಷ್ಟ. ಗಂಡನಿಗೆ ಅದು ತವರು, ಹೆಂಡತಿಗೆ ಪರದೇಶ. ಕೌಂಡಿನ್ಯರು ಮುಂದೆ ಕೊಡಗಿನ ಆನಂದಪುರಕ್ಕೆ ಹೋಗಿ ನೆಲೆಸಿದರು. ಪಿರಿಯಾಪಟ್ಟಣ ದಾಟಿ ಕೊಡಗಿಗೆ ಕಾಲಿಟ್ಟರೆ ಸಿದ್ಧಾಪುರದ ಕಡೆ ಸಿಗುವ ಊರು ಅದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, ಜೀತದಲ್ಲಿ ನರಳುತ್ತಿದ್ದ ಹೊಲೆಯ ಕುಟುಂಬಗಳಿಗಾಗಿ ಕಟ್ಟಿದ ನೆಲೆ. ಮೇಲ್ಜಾತಿಯ ಮನೆಯಲ್ಲಿ ಕಣ್ಣೀರು ಹರಿಸಿದ ಅದೇ ಮಿಷನ್, ಕೂಲಿಮಠದ ಜಗುಲಿಯನ್ನು ಎಂದೂ ಹತ್ತಲಾಗದಿದ್ದ ಮಕ್ಕಳ ಕೈಗೆ ಬಳಪ ಕೊಟ್ಟಿತು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ.

ಮತ್ತೆ ರೈಸ್ ದಂಪತಿಗಳ ಮನೆಗೆ ಬರೋಣ. ಬೆಂಜಮಿನ್ ರೈಸ್ 1887ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅರ್ಧ ಶತಮಾನದ ಸೇವೆ. ಮಗ ಎಡ್ವರ್ಡ್ ತಂದೆಯ ಜೀವನ ಚರಿತ್ರೆ ಬರೆದರು. ಬೆಂಗಳೂರಿನ ಅವೆನ್ಯೂ ರಸ್ತೆಯ ಗಲಾಟೆಯ ನಡುವೆ ನಿಂತ ರೈಸ್ ಸ್ಮಾರಕ ಚರ್ಚು ಅವರ ಹೆಸರನ್ನು ಹೊತ್ತಿದೆ. ಇದೆಲ್ಲ ಯೋಗ್ಯವೇ. ಜೇನ್ ಅವರ ಪಾಲಿಗೆ ಉಳಿದದ್ದೇನು? ಸಂಸ್ಥಾನದ ಶಿಕ್ಷಣ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ಶಾಲೆಯ ಮಾತು ಬಂದಾಗ ‘ಮಿಸೆಸ್ ಸೀವೆಲ್ ಮತ್ತು ಮಿಸೆಸ್ ರೈಸ್’ ಎಂಬ ಒಂದು ಸಾಲು. ಅದೂ ಗಂಡಂದಿರ ಹೆಸರೇ. ಶಾಲೆ ತೆರೆದವರು ಅವರು, ದಿನವೂ ಪಾಠ ಹೇಳಿದವರು ಅವರು. ಆದರೆ ನೇಮಕದ ಪಟ್ಟಿಯಲ್ಲಿ ಅವರಿಲ್ಲ. ಸಂಬಳ ಇಲ್ಲದ ಕಡೆ ಸಹಿ ಇಲ್ಲ, ಸಹಿ ಇಲ್ಲದ ಕಡೆ ಹೆಸರು ಇಲ್ಲ. ಚರಿತ್ರೆ ಬರೆಯುವವರು ಕಡತ ನೋಡಿ ಬರೆಯುತ್ತಾರೆ. ಕಡತದಲ್ಲಿ ಇಲ್ಲದವರು ಚರಿತ್ರೆಯಲ್ಲೂ ಇರುವುದಿಲ್ಲ.

ಇನ್ನೊಂದು ನೋವನ್ನೂ ಹೇಳಬೇಕು. ಮಿಷನರಿಗಳ ಮಕ್ಕಳನ್ನು ಒಂದು ವಯಸ್ಸಿಗೆ ಓದಿಗಾಗಿ ತಾಯ್ನಾಡಿಗೆ ಕಳುಹಿಸುವುದು ವಾಡಿಕೆ. ಇಲ್ಲಿನ ಮಕ್ಕಳಿಗೆ ಅಕ್ಷರ ಹೇಳುತ್ತಿದ್ದ ತಾಯಿ ತನ್ನ ಮಕ್ಕಳನ್ನು ಹಡಗು ಹತ್ತಿಸಿ ವರ್ಷಗಟ್ಟಲೆ ಅವರ ಮುಖ ಕಾಣದೆ ಇರಬೇಕಿತ್ತು. ಕಾಗದ ಹೋಗಿ ಮರುಕಾಗದ ಬರಲು ತಿಂಗಳುಗಳು ಹಿಡಿಯುತ್ತಿದ್ದವು. ಲೂಯಿಸ್ ರೈಸ್ ಕೂಡ ಇಂಗ್ಲೆಂಡಿನಲ್ಲಿ ಓದಿದರು. ಆದರೆ 1860ರಲ್ಲಿ ಅವರು ತಾವು ಹುಟ್ಟಿದ ಊರಿಗೇ ಮರಳಿದರು. ಪಾದ್ರಿಯಾಗಿ ಬರದೆ ಸರ್ಕಾರಿ ಉಪಾಧ್ಯಾಯರಾಗಿ ಬಂದರು. ಬೆಂಗಳೂರು ಹೈಸ್ಕೂಲು, ಅಂದರೆ ಮುಂದಿನ ಸೆಂಟ್ರಲ್ ಕಾಲೇಜು, ಅವರ ಮೊದಲ ಕೆಲಸದ ಜಾಗ. ಕೆಲವೇ ವರ್ಷಗಳಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆದರು.

ಇಲ್ಲಿಂದ ಕಥೆ ನಮ್ಮ ಹಳ್ಳಿಗಳ ಕಡೆ ತಿರುಗುತ್ತದೆ. ಅಷ್ಟರಲ್ಲಿ ಸಂಸ್ಥಾನದಲ್ಲಿ ಶಿಕ್ಷಣದ ಗಾಳಿ ಬದಲಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ತೆರೆದ ಶಾಲೆಯ ಆಡಳಿತ 1840ರಲ್ಲಿ ವೆಸ್ಲಿಯನ್ ಮಿಷನ್ನಿಗೆ ಹೋಗಿತ್ತು; ಅದೇ ಮುಂದೆ ಸರ್ಕಾರಕ್ಕೆ ಮರಳಿ ಮಹಾರಾಜ ಕಾಲೇಜಾಗಿ ಬೆಳೆಯಿತು. 1857ರಲ್ಲಿ ವಿದ್ಯಾ ಇಲಾಖೆ ಹುಟ್ಟಿತು. ಅದರ ಮೊದಲ ಮುಖ್ಯಸ್ಥ ಜಾನ್ ಗ್ಯಾರೆಟ್ ಕೂಡ ವೆಸ್ಲಿಯನ್ ಮಿಷನ್ನಿನಲ್ಲಿ ಇದ್ದವರೇ. ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷುಗಳಲ್ಲಿ ಒಟ್ಟಿಗೆ ಅಚ್ಚುಹಾಕಿಸಿದ ಪಾದ್ರಿ. ಆದರೆ ಶಾಲೆಗಳು ಪಟ್ಟಣಗಳಲ್ಲಿ ನಿಂತಿದ್ದವು. ಹಳ್ಳಿ ಹಳ್ಳಿ ಸುತ್ತಿದ ಲೂಯಿಸ್ ರೈಸ್, ಕೂಲಿಮಠಗಳನ್ನು ತಳ್ಳಿಹಾಕದೆ ಅಲ್ಲಿನ ಅಯ್ಯಗಳಿಗೇ ತರಬೇತಿ ಕೊಟ್ಟು, ಹೋಬಳಿಗೊಂದು ಸರ್ಕಾರಿ ಕನ್ನಡ ಶಾಲೆ ಮಾಡಬೇಕೆಂಬ ಯೋಜನೆ ಮುಂದಿಟ್ಟರು. 1868ರಲ್ಲಿ ಅದು ಜಾರಿಗೆ ಬಂತು. ‘ಹೋಬಳಿ ಶಾಲೆ’ ಎಂಬ ಮಾತು ಅಲ್ಲಿಂದ ಬಂದದ್ದು. ಬಿಳಿಕೆರೆ, ಹನಗೋಡು, ಬೆಟ್ಟದಪುರ, ರಾವಂದೂರು, ಸಾಲಿಗ್ರಾಮ, ಮಿರ್ಲೆ, ಅಂತರಸಂತೆ, ಹಂಪಾಪುರ ಎಂದು ಇಂದು ನಾವು ಹೇಳುವ ಹೋಬಳಿಗಳ ಹಿರಿಯರು ಪಹಣಿಯ ಲೆಕ್ಕವನ್ನು ತಾವೇ ಓದಿಕೊಳ್ಳುವಂತಾದದ್ದರ ಹಿಂದೆ ಈ ಯೋಜನೆಯ ನೆರಳಿದೆ. ತಂದೆತಾಯಿ ಪರಭಾಷೆಯವರಾಗಿಯೂ ಕನ್ನಡದಲ್ಲೇ ಪಾಠ ಹೇಳಿದ್ದನ್ನು ಕಂಡು ಬೆಳೆದ ಮಗ, ಹಳ್ಳಿಯ ಮಗುವಿಗೆ ಅದರ ಮಾತಿನಲ್ಲೇ ಶಾಲೆ ಕೊಡಬೇಕೆಂದದ್ದು ಆಕಸ್ಮಿಕವಿರಲಾರದು.

ಶಾಲೆ ನೋಡಲು ಊರೂರು ಅಲೆದ ಇನ್ಸ್‌ಪೆಕ್ಟರಿಗೆ ಇನ್ನೊಂದು ಲೋಕವೂ ಕಂಡಿತು. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೊರೆದ ಕಲ್ಲುಗಳು. ಅವನ್ನು ಓದಿಸಿ, ಪಡಿಯಚ್ಚು ತೆಗೆಸಿ, ಇಲ್ಲಿನ ಪಂಡಿತರ ನೆರವಿನಿಂದ ಅಚ್ಚಿಗೆ ಕೊಟ್ಟದ್ದೇ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹನ್ನೆರಡು ಸಂಪುಟಗಳ ಮಹಾಕೋಶ. 1906ರಲ್ಲಿ ಅವರು ಸಂಸ್ಥಾನದ ಪುರಾತತ್ವ ಇಲಾಖೆಯಿಂದ ನಿವೃತ್ತರಾಗುವ ಹೊತ್ತಿಗೆ ಎಂಟು ಸಾವಿರಕ್ಕೂ ಹೆಚ್ಚು ಶಾಸನಗಳು ಬೆಳಕು ಕಂಡಿದ್ದವು. 1898ರಲ್ಲಿ ಬಂದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಯಡತೊರೆ, ಹೆಗ್ಗಡದೇವನಕೋಟೆಗಳ ಶಾಸನಗಳಿವೆ. ಪಿರಿಯಾಪಟ್ಟಣ ಅಂದು ಹುಣಸೂರು ತಾಲ್ಲೂಕಿಗೆ ಸೇರಿದ್ದರಿಂದ ಅದರ ಕಲ್ಲುಗಳನ್ನು ಹುಣಸೂರಿನ ಪಟ್ಟಿಯಲ್ಲೇ ಹುಡುಕಬೇಕು. ಯಡತೊರೆಯೆಂದರೆ ಈಗಿನ ಕೃಷ್ಣರಾಜನಗರದ ಸೀಮೆ; 1924ರ ಕಾವೇರಿ ಪ್ರವಾಹದ ನಂತರ ಹೊಸ ಪಟ್ಟಣ ಎದ್ದು ಹೆಸರು ಬದಲಾಯಿತು. ಪಿರಿಯಾಪಟ್ಟಣದ ಚೆಂಗಾಳ್ವರು, ಹನಸೋಗೆಯ ಬಸದಿಗಳು, ಕಪಿಲೆಯ ದಡದ ಕಿತ್ತೂರಿನಲ್ಲಿ ರಾಜಧಾನಿ ಮಾಡಿಕೊಂಡಿದ್ದ ಪುನ್ನಾಟದ ಅರಸರು, ಇವರೆಲ್ಲರ ಚರಿತ್ರೆಗೆ ಆ ಸಂಪುಟಗಳು ಅಡಿಗಲ್ಲಾದವು.

ಅದೇ ನಾಲ್ಕನೆಯ ಸಂಪುಟದಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ ಶಾಸನವಿದೆ. ಕಾಲ ಕ್ರಿ.ಶ. 1057. ಅದು ದೇಕಬ್ಬೆ ಎಂಬ ಹೆಂಗಸಿನ ಕಥೆ. ನುಗುನಾಡಿನ ಒಡೆಯನಾದ ರವಿಗನ ಮಗಳು, ಏಚನ ಹೆಂಡತಿ. ಅರಸು ಮನೆತನಕ್ಕೆ ಸಂಬಂಧಿಸಿದವನೊಬ್ಬನನ್ನು ಕುಸ್ತಿಯಲ್ಲಿ ಕೊಂದನೆಂದು ಚೋಳರ ಆಡಳಿತ ಏಚನಿಗೆ ತಲಕಾಡಿನಲ್ಲಿ ಮರಣದಂಡನೆ ವಿಧಿಸಿತು. ಸುದ್ದಿ ಕೇಳಿದ ದೇಕಬ್ಬೆ, ಹೆತ್ತವರು ಎಷ್ಟು ತಡೆದರೂ ನಿಲ್ಲದೆ ಬೆಂಕಿಗೆ ಬಿದ್ದಳು. ಮಗಳ ನೆನಪಿಗೆ ತಂದೆ ಕಲ್ಲು ನೆಡಿಸಿದ. ಕನ್ನಡ ಶಾಸನ ಸಾಹಿತ್ಯದಲ್ಲಿ ಇದಕ್ಕೆ ಎತ್ತರದ ಸ್ಥಾನವಿದೆ.

ಇದನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಹೆಂಗಸಿನ ಹೆಸರು ಕಲ್ಲಿನ ಮೇಲೆ ಉಳಿಯಬೇಕಾದರೆ ಅವಳು ಗಂಡನ ಹಿಂದೆ ಸಾಯಬೇಕಿತ್ತು. ಮಾಸ್ತಿಕಲ್ಲುಗಳು ಈ ಸೀಮೆಯಲ್ಲಿ ಎಷ್ಟು ಬೇಕಾದರೂ ಇವೆ. ಗಂಡನ ಪಕ್ಕದಲ್ಲಿ ಬದುಕಿ, ದುಡಿದು, ನೂರು ಮಕ್ಕಳಿಗೆ ಓದು ಕಲಿಸಿದವಳಿಗೆ ಕಲ್ಲು ನೆಡುವ ಪದ್ಧತಿ ನಮ್ಮಲ್ಲೂ ಇರಲಿಲ್ಲ, ಇಂಗ್ಲೆಂಡಿನವರಲ್ಲೂ ಇರಲಿಲ್ಲ. ದೇಕಬ್ಬೆಯ ಹೆಸರನ್ನು ಎಂಟು ಶತಮಾನಗಳ ಮೇಲೆ ಲೋಕಕ್ಕೆ ತಿಳಿಸಿದ ಲೂಯಿಸ್ ರೈಸರ ತಾಯಿಯ ಹೆಸರು ಮಾತ್ರ ಅವರದೇ ಕಾಲದ ದಾಖಲೆಗಳಲ್ಲಿ ‘ಮಿಸೆಸ್’ ಎಂಬ ಮಾತಿನ ಹಿಂದೆ ಅಡಗಿತು.

1842ರ ನಂತರ ಹೆಣ್ಣುಮಕ್ಕಳ ಓದು ಮಿಷನ್ನಿನ ಆವರಣ ದಾಟಿ ಸಂಸ್ಥಾನದ ಸ್ವಂತ ಕೆಲಸವಾಗಲು ಸುಮಾರು ನಾಲ್ವತ್ತು ವರ್ಷ ಬೇಕಾಯಿತು. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಶಾಲೆಯನ್ನು ತೆರೆದರು. ಮತಾಂತರದ ಭಯವಿಲ್ಲದ, ಅರಮನೆಯ ಆಶ್ರಯವಿದ್ದ ಆ ಶಾಲೆಗೆ 1842ರಲ್ಲಿ ಹಿಂಜರಿದಿದ್ದಂಥ ಮನೆಗಳಿಂದಲೂ ಹುಡುಗಿಯರು ಬಂದರು. ಅಲ್ಲಿಂದ ಕಾಲೇಜು, ತರಬೇತಿ ಶಾಲೆ, ಕನ್ನಡದ ಹೆಣ್ಣುಮಕ್ಕಳೇ ಉಪಾಧ್ಯಾಯಿನಿಯರಾಗಿ ಹಳ್ಳಿಗಳಿಗೆ ಬರುವುದು, ಒಂದೊಂದೇ ಮೆಟ್ಟಿಲು. ಮಿಷನರಿಗಳು ಬಯಸಿದ ಮತಾಂತರ ಅವರೆಣಿಸಿದಷ್ಟು ಆಗಲಿಲ್ಲ. ಅವರು ಸಾಧನವೆಂದು ಹಿಡಿದ ಶಾಲೆಯನ್ನು ಮಾತ್ರ ಜನ ತಮ್ಮದನ್ನಾಗಿ ಮಾಡಿಕೊಂಡರು. ಬೀಜ ತಂದವನ ಉದ್ದೇಶ ಒಂದು, ನೆಲ ಕೊಟ್ಟ ಬೆಳೆ ಇನ್ನೊಂದು.

ಕಾಲಚಕ್ರದಲ್ಲಿ ಹೊಳೆ ಹಿಂದಕ್ಕೂ ಹರಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯ ಇಥಿಯೋಪಿಯಾಕ್ಕೆ ಇಂಡಿಯಾದ ಉಪಾಧ್ಯಾಯರು, ಅದರಲ್ಲೂ ಕೇರಳದ ಕ್ರೈಸ್ತರು, ದೊಡ್ಡ ಸಂಖ್ಯೆಯಲ್ಲಿ ಹೋದರು. ಭೂತಾನದ ಬೆಟ್ಟಗಳ ಹೊಸ ಶಾಲೆಗಳಲ್ಲೂ ನಮ್ಮ ದೇಶದವರು ಪಾಠ ಹೇಳಿದರು. ಅವರಲ್ಲಿ ದಂಪತಿಗಳೂ ಇದ್ದರು. ಗುರುತಿಲ್ಲದ ಊರು, ಬೇರೆ ಊಟ, ಬೇರೆ ಭಾಷೆ, ದೂರದಲ್ಲಿ ಉಳಿದ ಮಕ್ಕಳು. ಜೇನ್ ರೈಸ್ ಅನುಭವಿಸಿದ್ದನ್ನು ಈಗ ನಮ್ಮವರು ಅನುಭವಿಸಿದರು. ಪರದೇಶದಲ್ಲಿ ಪಾಠ ಹೇಳುವವರ ಕಷ್ಟಕ್ಕೆ ಜಾತಿಮತಗಳ ಗೆರೆ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಈ ನಾಲ್ಕು ಸೀಮೆಗಳ ಶಿಕ್ಷಕ ದಂಪತಿಗಳು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಇಲ್ಲಿನ ಎಷ್ಟೋ ಸರ್ಕಾರಿ ಶಾಲೆಗಳು ನೂರು ವರ್ಷ ದಾಟಿವೆ. ಇನ್ನು ಕೆಲವು ಆ ಹೊಸ್ತಿಲಲ್ಲಿವೆ. ಶತಮಾನೋತ್ಸವದ ದಿನ ಕಟ್ಟಡಕ್ಕೆ ಬಣ್ಣ ಬಳಿದು, ದಾನಿಗಳ ಹೆಸರಿನ ಫಲಕ ಹಾಕುತ್ತಾರೆ. ಅದಕ್ಕೆ ಮುಂಚೆ ಹಳೆಯ ದಾಖಲಾತಿ ಪುಸ್ತಕವನ್ನೂ ಹಾಜರಿ ಪುಸ್ತಕವನ್ನೂ ಪೆಟ್ಟಿಗೆಯಿಂದ ತೆಗೆದು ಎರಡು ಹೆಸರು ಹುಡುಕಬೇಕು. ಆ ಶಾಲೆಗೆ ಸೇರಿದ ಮೊದಲ ಹೆಣ್ಣುಮಗು ಯಾರು? ಅಲ್ಲಿ ಪಾಠ ಹೇಳಿದ ಮೊದಲ ಉಪಾಧ್ಯಾಯಿನಿ ಯಾರು? ‘ಮೇಷ್ಟ್ರ ಹೆಂಡತಿ’ ಎಂದು ಊರವರು ಕರೆಯುತ್ತಿದ್ದ, ಸಂಬಳವಿಲ್ಲದೆ ಹುಡುಗಿಯರಿಗೆ ಹೊಲಿಗೆಯನ್ನೋ ಹಾಡನ್ನೋ ಕಾಗುಣಿತವನ್ನೋ ಹೇಳಿಕೊಟ್ಟ ತಾಯಿ ಯಾರಾದರೂ ಇದ್ದರೆ, ಅವರ ಸ್ವಂತ ಹೆಸರನ್ನು ಬಲ್ಲ ಮುದುಕರು ಇರುವಾಗಲೇ ಕೇಳಿ ಬರೆದಿಡಬೇಕು. ಗೆದ್ದಲು ಪುಸ್ತಕವನ್ನು ತಿನ್ನಲು ಹೆಚ್ಚು ದಿನ ಬೇಡ. ನೆನಪು ಅಳಿಯಲು ಇನ್ನೂ ಕಡಿಮೆ ದಿನ ಸಾಕು.